ಒಂದು ಹಿತ್ತಾಳೆ ವಾದ್ಯದ ಕಾಲನಿರ್ಣಯ

ಕಾಲನಿರ್ಣಯವೆಂಬುದು ಕನ್ನಡ ಅಧ್ಯಾಪಕರಿಗೆ ಅಂಟಿದ ಒಂದು ಚಟ. ಈ ಕವಿ ಯಾವ ಶತಮಾನದವನು, ಈ ಶಾಸನ ಯಾವ ಅರಸನದು, ಈ ಓಲೆಯ ಪ್ರತಿ ಯಾವ ಕಾಲದ ಕೈಬರಹ ಎಂದು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿಕೊಂಡು ಬಂದವನಿಗೆ, ಯಾವ ಹಳೆಯ ವಸ್ತುವನ್ನು ಕಂಡರೂ ‘ಇದರ ತೇದಿ ಯಾವುದು?’ ಎಂದು ಕೇಳುವ ಅಭ್ಯಾಸ ಬಂದುಬಿಡುತ್ತದೆ. ಕಲ್ಲಿನ ವಿಷಯದಲ್ಲಿ, ಓಲೆಯ ವಿಷಯದಲ್ಲಿ ನಾವು ತಪ್ಪಿದರೆ ಕೆಡುವುದು ಪಂಡಿತರ ಮಾನ ಮಾತ್ರ. ಮುಂದಿನ ಪಂಡಿತರು ಅದನ್ನು ತಿದ್ದುತ್ತಾರೆ. ಆದರೆ ಒಂದು ಸಂಸಾರದ ಹಣ ನನ್ನ ಕಾಲನಿರ್ಣಯಕ್ಕಾಗಿ ಕಾದು ಕುಳಿತ ಪ್ರಸಂಗವೊಂದು ಕಳೆದ ವರ್ಷ ಒದಗಿತು. ಅದನ್ನೇ ವಾಚಕರಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ನಮ್ಮ ಕಾಲೇಜಿನಲ್ಲಿ ಬಹುಕಾಲದಿಂದ ಅಟೆಂಡರ್ ಆಗಿರುವ ಹಿರಿಯರೊಬ್ಬರು ಆಷಾಢದ ಒಂದು ಸಂಜೆ ಹಳೆಯ ಜಮಖಾನೆಯಲ್ಲಿ ಏನನ್ನೋ ಸುತ್ತಿಕೊಂಡು ಮನೆಗೆ ಬಂದರು. ಬಿಚ್ಚಿದರೆ ಒಳಗೆ ಒಂದು ಭಾರಿ ಹಿತ್ತಾಳೆ ವಾದ್ಯ: ಹೊಟ್ಟೆ ದೊಡ್ಡದು, ಬಾಯಿ ಮೇಲಕ್ಕೆ ಅರಳಿದ್ದು, ನಡುವೆ ಬೆರಳಿನಿಂದ ಒತ್ತುವ ಪಿಸ್ಟನ್ನುಗಳು. ಅವರ ಮನೆಯಲ್ಲಿ ಅದಕ್ಕೆ ‘ದೊಡ್ಡ ಬಾಜಾ’ ಎಂದು ಹೆಸರು. ಅವರ ತಾತ ಮೈಸೂರಿನಲ್ಲಿ ಬ್ಯಾಂಡು ನುಡಿಸುತ್ತಿದ್ದವರು.

“ಮೇಷ್ಟ್ರೇ, ಇದು ಮಹಾರಾಜರು ನಮ್ಮ ತಾತನಿಗೆ ಕೊಟ್ಟಿದ್ದು ಅಂತ ನಮ್ಮಪ್ಪ ಹೇಳ್ತಿದ್ರು. ಈಗ ಹಳೇ ಸಾಮಾನು ಕೊಳ್ಳೋರೊಬ್ಬರು ನೋಡಿ, ಇದು ಟಿಪ್ಪು ಸುಲ್ತಾನರ ಕಾಲದ್ದು ಅಂತಾರೆ. ಹಾಗೆ ಅಂತ ಓದಿದೋರು ಒಬ್ಬರು ಕಾಗದ ಬರೆದುಕೊಟ್ಟರೆ ಎರಡು ಲಕ್ಷ ಕೊಡ್ತಾರಂತೆ. ಇಲ್ಲದಿದ್ದರೆ ಹಿತ್ತಾಳೆ ತೂಕದ ಬೆಲೆ. ನೀವು ಶಾಸನ ಎಲ್ಲ ಓದೋರು. ಮಗಳ ನರ್ಸಿಂಗ್ ಓದಿಗೆ ಫೀಸು ಕಟ್ಟಬೇಕು” ಎಂದರು.

ಕಾಗದವನ್ನು ಆ ಕ್ಷಣವೇ ಬರೆದುಕೊಡಬಹುದೆಂಬ ನಂಬಿಕೆ ಅವರ ಮುಖದಲ್ಲಿತ್ತು. ನಾನು ಒಂದು ವಾರದ ಅವಧಿ ಕೇಳಿ ವಾದ್ಯವನ್ನು ಇಟ್ಟುಕೊಂಡೆ.

ಸಂಗೀತದ ವಿಷಯದಲ್ಲಿ ನನ್ನ ಜ್ಞಾನ ಕೇಳುಗನ ಜ್ಞಾನವಷ್ಟೆ. ಆದರೆ ಎರಡು ದಿನ ಆ ವಾದ್ಯದ ಎದುರು ಕುಳಿತು, ಅದಕ್ಕೆ ಸಂಬಂಧಿಸಿದ ಪುಸ್ತಕಗಳನ್ನು ಹುಡುಕಿ ಓದಿದ ಮೇಲೆ, ಇದು ನನಗೆ ತೀರ ಅಪರಿಚಿತವಾದ ವಿದ್ಯೆಯಲ್ಲವೆಂದು ತೋರಿತು. ಹಲ್ಮಿಡಿ ಶಾಸನದಲ್ಲಿ ತೇದಿಯಿಲ್ಲ. ಆದರೂ ಅಕ್ಷರಗಳ ರೂಪವನ್ನೂ ಅಲ್ಲಿ ಬರುವ ಹೆಸರುಗಳನ್ನೂ ಹಿಡಿದು ಕ್ರಿ.ಶ. 450ರ ಸುಮಾರಿನದೆಂದು ವಿದ್ವಾಂಸರು ನಿಷ್ಕರ್ಷಿಸಿದರು. ಹಿತ್ತಾಳೆಯ ವಾದ್ಯಕ್ಕೂ ಲಿಪಿಯುಂಟು, ರಾಜಧಾನಿಯುಂಟು, ಬಿರುದಾವಳಿಯೂ ಉಂಟು. ಓದುವ ಕ್ರಮ ತಿಳಿದಿರಬೇಕು, ಅಷ್ಟೆ.

ಮೊದಲು ಲಿಪಿಯನ್ನು ನೋಡೋಣ. ಇಂಥ ವಾದ್ಯದ ಲಿಪಿಯೆಂದರೆ ಅದರ ಪಿಸ್ಟನ್ನುಗಳ ರಚನೆ. ಹಿಂದಿನ ಕಹಳೆಗಳೆಲ್ಲ ಬರಿಯ ಕೊಳವೆಗಳು. ಊದುವವನ ತುಟಿಯ ಬಿಗಿಗೆ ತಕ್ಕಂತೆ ಕೆಲವೇ ಸ್ವರಗಳು ಅವುಗಳಲ್ಲಿ ಹೊರಡುತ್ತಿದ್ದವು. ಬೆರಳಿನಿಂದ ಒತ್ತಿ ಗಾಳಿಯ ದಾರಿಗೆ ಹೆಚ್ಚಿನ ಕೊಳವೆಯನ್ನು ಕೂಡಿಸಿ ಎಲ್ಲ ಸ್ವರಗಳನ್ನೂ ಪಡೆಯುವ ಉಪಾಯಕ್ಕೆ ಸ್ಟೋಲ್ಟ್ಸೆಲ್ ಮತ್ತು ಬ್ಲೂಮೆಲ್ ಎಂಬ ಇಬ್ಬರು ಪ್ರಷ್ಯಾ ದೇಶದಲ್ಲಿ ಪೇಟೆಂಟ್ ಪಡೆದದ್ದು 1818ರಲ್ಲಿ. ಆ ಮೊದಲ ಮಾದರಿಯಲ್ಲಿ ಗಾಳಿ ಪಿಸ್ಟನ್ನಿನ ತಳದಿಂದ ಹೊರಗೆ ಹೋಗುತ್ತಿತ್ತು. ಪ್ಯಾರಿಸಿನ ಪೆರಿನೆ ಎಂಬಾತ 1830ರ ದಶಕದ ಕೊನೆಯಲ್ಲಿ ಅದನ್ನು ತಿದ್ದಿ, ಗಾಳಿ ಪಕ್ಕಗಳಿಂದಲೇ ಒಳಹೊಕ್ಕು ಹೊರಡುವಂತೆ ಮಾಡಿದ. ನನ್ನ ಮುಂದಿದ್ದುದು ಈ ಎರಡನೆಯ ಬಗೆಯದು. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. ಆತ ಮಡಿದು ಹತ್ತೊಂಬತ್ತು ವರ್ಷಗಳಾದ ಮೇಲೆ ಪೇಟೆಂಟ್ ಪಡೆದ ಯಂತ್ರ ಆತನ ಕಾಲದ ವಾದ್ಯದಲ್ಲಿರುವುದು, ಪಂಪನ ಓಲೆಯಲ್ಲಿ ಅಂಚೆಚೀಟಿ ಸಿಕ್ಕಿದಂತೆ. ವ್ಯಾಪಾರಿಯ ಮಾತು ಅಲ್ಲಿಗೇ ಬಿದ್ದುಹೋಯಿತು.

ಎರಡನೆಯದು ರಾಜಧಾನಿ. ವಾದ್ಯದ ಬಾಯಿಯ ಮೇಲೆ ತಯಾರಕರ ಹೆಸರನ್ನೂ ವಿಳಾಸವನ್ನೂ ಕೊರೆಯುವುದು ಆ ಕಸುಬಿನ ಪದ್ಧತಿ. ಶಾಸನದಲ್ಲಿ ‘ಇಂಥ ನೆಲೆವೀಡಿನಿಂದ ರಾಜ್ಯಂಗೆಯ್ಯುತ್ತಿರೆ’ ಎಂಬ ಬಗೆಯ ಮಾತು ಕಾಲಸೂಚಕವಾಗುವಂತೆ ಇಲ್ಲಿ ವಿಳಾಸ ಕಾಲಸೂಚಕ. ದೀಪವನ್ನು ಓರೆಯಾಗಿ ಹಿಡಿದಾಗ, ಸವೆದ ಗೆರೆಗಳಲ್ಲಿ ‘ಬೂಸಿ ಅಂಡ್ ಕಂಪನಿ, 295 ರೀಜೆಂಟ್ ಸ್ಟ್ರೀಟ್, ಲಂಡನ್’ ಎಂದು ಓದಲು ಬಂತು. ಈ ಕಂಪನಿ ಮೊದಲು ಹೋಲ್ಸ್ ಸ್ಟ್ರೀಟಿನಲ್ಲಿತ್ತು. ರೀಜೆಂಟ್ ಸ್ಟ್ರೀಟಿಗೆ ಬಂದದ್ದು 1874ರಲ್ಲಿ. 1930ರಲ್ಲಿ ಅದು ಹಾಕ್ಸ್ ಎಂಬ ಇನ್ನೊಂದು ಕಂಪನಿಯೊಡನೆ ಕೂಡಿಕೊಂಡು ‘ಬೂಸಿ ಅಂಡ್ ಹಾಕ್ಸ್’ ಆಯಿತು. ಆದ್ದರಿಂದ ಈ ವಾದ್ಯದ ಮೇಲಿನ ಎಲ್ಲೆ 1874, ಕೆಳಗಿನ ಎಲ್ಲೆ 1930.

ಹೆಸರೊಂದನ್ನೇ ನಂಬುವುದೂ ಅಪಾಯ. ಹೊಸದಾಗಿ ಎರಕ ಹೊಯ್ದ ದುರ್ಬೀನು, ದಿಕ್ಸೂಚಿಗಳ ಮೇಲೆ ಲಂಡನ್ನಿನ ಹಳೆಯ ಹೆಸರುಗಳನ್ನು ಕೊರೆದು ಮಾರುವುದು ಇಂದು ಪೇಟೆಯಲ್ಲಿ ಸಾಮಾನ್ಯ. ಆದಕಾರಣ ಹೆಸರಿಗೂ ರಚನೆಗೂ ಹೊಂದಿಕೆಯಿದೆಯೇ ಎಂದು ನೋಡಬೇಕು. ಈ ವಾದ್ಯದ ಪಿಸ್ಟನ್ನುಗಳ ಹಿಂಬದಿಯಲ್ಲಿ ಸಣ್ಣ ಸಣ್ಣ ಕೊಳವೆಯ ಸುರುಳಿಗಳಿವೆ. ಎರಡು ಮೂರು ಪಿಸ್ಟನ್ನುಗಳನ್ನು ಒಟ್ಟಿಗೆ ಒತ್ತಿದಾಗ ಕೂಡುವ ಕೊಳವೆಯ ಉದ್ದ ಸಾಲದೆ ಸ್ವರ ತುಸು ಏರಿಬಿಡುತ್ತದೆ. ಆ ಕೊರತೆಯನ್ನು ತಾನಾಗಿಯೇ ತುಂಬುವುದು ಈ ಸುರುಳಿಗಳ ಕೆಲಸ. ಇದಕ್ಕೆ ಪೇಟೆಂಟ್ ಪಡೆದವನು ಬೂಸಿ ಕಂಪನಿಯ ಡೇವಿಡ್ ಬ್ಲೇಕ್ಲಿಯೇ. ಹೆಸರೂ ರಚನೆಯೂ ಒಂದನ್ನೊಂದು ಸಮರ್ಥಿಸಿದವು. ವಾದ್ಯದ ಜಾತಿಯೂ ತಿಳಿಯಿತು: ಇದು ಯುಫೋನಿಯಂ, ‘ಇಂಪಾದ ದನಿಯುಳ್ಳದ್ದು’ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದ ಹೆಸರು.

ಬಿರುದಾವಳಿಯ ಮಾತನ್ನೂ ಹೇಳಿಬಿಡುತ್ತೇನೆ. ವಸ್ತುಪ್ರದರ್ಶನಗಳಲ್ಲಿ ಗೆದ್ದ ಪದಕಗಳ ಸಾಲನ್ನು ಇಸವಿಸಹಿತ ವಾದ್ಯದ ಮೇಲೆ ಕೆತ್ತುವ ತಯಾರಕರು ಆ ಕಾಲದಲ್ಲಿ ಅನೇಕರಿದ್ದರು. ಅಲ್ಲಿ ಕಾಣುವ ಕೊನೆಯ ಪದಕದ ಇಸವಿಗಿಂತ ವಾದ್ಯ ಹಳೆಯದಾಗಿರಲಾರದು. ಅರಸನ ಬಿರುದುಗಳಲ್ಲಿ ಕೊನೆಯ ಗೆಲವು ಯಾವುದೆಂದು ನೋಡಿ ಶಾಸನದ ಕಾಲವನ್ನು ಊಹಿಸುವುದಿಲ್ಲವೆ? ನ್ಯಾಯ ಅದೇ. ನನ್ನ ಮುಂದಿದ್ದ ವಾದ್ಯದಲ್ಲಿ ಅಂಥ ಸಾಲು ಇರಲಿಲ್ಲ. ಆದರೆ ಅದಕ್ಕಿಂತ ಖಚಿತವಾದದ್ದೊಂದು ಇರಬೇಕಾಗಿತ್ತು: ಕ್ರಮಸಂಖ್ಯೆ. ಬೂಸಿ ಕಂಪನಿಯ ಹಳೆಯ ದಫ್ತರಗಳು ಇಂದು ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದಲ್ಲಿವೆ. ಕ್ರಮಸಂಖ್ಯೆ ಪೂರ್ತಿಯಾಗಿ ಸಿಕ್ಕರೆ ವಾದ್ಯ ಯಾವ ವರ್ಷದ್ದೆಂದು ಅವುಗಳ ಆಧಾರದಿಂದ ಹೇಳಬಹುದು.

ಪಿಸ್ಟನ್ನಿನ ಕೊಳವೆಯ ಮೇಲೆ ಅಂಕಿಗಳ ಗುರುತೇನೋ ಇತ್ತು. ಎರಡು ಅಂಕಿಗಳು ಮಾತ್ರ ಕಾಣುತ್ತಿದ್ದವು. ಉಳಿದವು ಸವೆದು ನುಣ್ಣಗಾಗಿದ್ದವು. ಮಾರನೆಯ ದಿನ ಕಾಲೇಜಿನಲ್ಲಿ ಅಟೆಂಡರನ್ನು ಕೇಳಿದೆ. ಅವರು ಅಭಿಮಾನದಿಂದಲೇ ಹೇಳಿದರು: “ಪ್ರತಿ ಆಯುಧಪೂಜೆಗೂ ಹುಣಸೆಹಣ್ಣು ಹಾಕಿ ತಿಕ್ಕಿ, ಬೂದಿಯಲ್ಲಿ ಬೆಳಗಿ, ಕುಂಕುಮ ಇಟ್ಟು ಪೂಜೆ ಮಾಡ್ತೀವಿ. ತಾತನ ಕಾಲದಿಂದ ಒಂದು ವರ್ಷವೂ ತಪ್ಪಿಸಿಲ್ಲ.” ಶತ್ರುಗಳ ಕೈಯಲ್ಲಿ ಹಾಳಾದ ಶಾಸನಗಳನ್ನು ಕಂಡಿದ್ದೇನೆ, ಭಕ್ತಿಯಿಂದ ಸವೆದು ಅಳಿಸಿಹೋದ ಬರಹವನ್ನು ಕಂಡದ್ದು ಆಗಲೇ.

ಅಲ್ಲಿಗೆ ನನ್ನ ಪಾಂಡಿತ್ಯದ ಕೈ ಸೋತಿತು. 1874ರಿಂದ 1930: ಐವತ್ತಾರು ವರ್ಷಗಳ ಅಂತರ. ಅದೊಂದು ಕಾಲನಿರ್ಣಯವೆ? ಇದಲ್ಲದೆ ವಾದ್ಯದಲ್ಲಿ ಒಂದು ದೋಷವೂ ಕಂಡಿತು. ಶ್ರುತಿ ಹೊಂದಿಸಲು ಎಳೆದು ತಳ್ಳುವ ಮುಖ್ಯ ಕೊಳವೆ ಇಂಗ್ಲಿಷಿನ ‘ಯು’ ಅಕ್ಷರದಂತೆ ಬಾಗಿದ್ದು. ಅದರ ಎರಡು ಕಾಲುಗಳಿಗೂ ಯಾರೋ ಒಂದೊಂದು ತುಂಡನ್ನು ಬೆಸೆದಿದ್ದರು. ಆ ತುಂಡುಗಳ ಹಿತ್ತಾಳೆ ಹೆಚ್ಚು ಕೆಂಪು. ತಾಮ್ರದ ಪಾಲು ಹೆಚ್ಚಿರಬೇಕು. ಬೆಸುಗೆಯ ಅಂಚು ಒರಟು. ಸುತ್ತಿಗೆಯ ಏಟುಗಳ ಗುರುತು ಕೈಗೆ ತಾಕುತ್ತಿತ್ತು. ಲಂಡನ್ನಿನ ನಯಗಾರಿಕೆಯ ನಡುವೆ ಅದು ಪಟ್ಟೆಸೀರೆಗೆ ಗೋಣಿಯ ತೇಪೆ ಹಚ್ಚಿದಂತೆ ಕಾಣುತ್ತಿತ್ತು. ನನ್ನ ಟಿಪ್ಪಣಿಯಲ್ಲಿ ‘ಮುಖ್ಯ ಕೊಳವೆ ಒಡೆದು, ನಾಡಕಸುಬಿನವರಿಂದ ಕಳಪೆ ದುರಸ್ತಿಯಾಗಿದೆ, ಬೆಲೆಗೆ ಕುಂದು’ ಎಂದು ಬರೆದುಕೊಂಡೆ. ಆ ವಾಕ್ಯವನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ನಮ್ಮ ಬೀದಿಯಲ್ಲಿ ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ವಾದಕರೊಬ್ಬರಿದ್ದಾರೆ. ದಸರೆಯ ಮೆರವಣಿಗೆಯಲ್ಲಿ ಎಷ್ಟೋ ವರ್ಷ ನುಡಿಸಿದವರು. ಅವರನ್ನು ಕರೆದೆ. ಅವರು ವಾದ್ಯವನ್ನು ಮಗುವಿನಂತೆ ಮಡಿಲಿಗೆತ್ತಿಕೊಂಡು, ಪಿಸ್ಟನ್ನುಗಳಿಗೆ ಎಣ್ಣೆ ಬಿಟ್ಟು, ಒಂದು ಸ್ವರ ಊದಿದರು. ನಮ್ಮ ನಡುಮನೆಯ ಕಿಟಕಿಯ ಗಾಜುಗಳು ನಡುಗಿದವು. ಆಮೇಲೆ ಮೊಬೈಲಿನ ಶ್ರುತಿಮಾಪಕದಲ್ಲಿ ನೋಡಿ, “ಶ್ರುತಿ ಸರಿಯಾಗಿದೆ ಸಾರ್. ಆದರೆ ಈ ಬೂಸಿ ವಾದ್ಯಗಳು ಹೀಗಿರೋದಿಲ್ಲ. ಹಳೇವು ಏರುಶ್ರುತಿಯವು” ಎಂದರು. ತೇಪೆಯ ತುಂಡುಗಳನ್ನು ಬೆರಳಿನಿಂದ ಸವರಿ, “ಇದು ಒಡೆದದ್ದಲ್ಲ. ಬೇಕು ಅಂತಲೇ ಉದ್ದ ಮಾಡಿದಾರೆ” ಎಂದರು.

ಈ ಮಾತಿನ ಹಿನ್ನೆಲೆಯನ್ನು ತುಸು ವಿವರಿಸಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಸೈನ್ಯದ ಬ್ಯಾಂಡುಗಳು ಬಳಸುತ್ತಿದ್ದ ಶ್ರುತಿ ಈಗಿನದಕ್ಕಿಂತ ಎತ್ತರದ್ದು. ಈಗ ‘ಎ’ ಎಂಬ ಸ್ವರಕ್ಕೆ ಸೆಕೆಂಡಿಗೆ 440 ಕಂಪನಗಳೆಂದು ಎಣಿಕೆ. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಒಪ್ಪಿದ್ದು ಇದನ್ನು. ಹಿಂದಿನ ಸೈನ್ಯದ ಶ್ರುತಿಯಲ್ಲಿ ಅದೇ ಸ್ವರಕ್ಕೆ 452.5 ಕಂಪನಗಳು, ಅಂದರೆ ಹೆಚ್ಚುಕಡಿಮೆ ಅರ್ಧಸ್ವರದ ಅರ್ಧದಷ್ಟು ಏರು. ಬ್ರಿಟಿಷ್ ಸೈನ್ಯ ಆ ಏರುಶ್ರುತಿಯನ್ನು ಬಿಟ್ಟದ್ದು 1920ರ ದಶಕದ ಕೊನೆಯಲ್ಲಿ. ಹಳೆಯ ಶ್ರುತಿಯ ವಾದ್ಯವೂ ಹೊಸ ಶ್ರುತಿಯ ವಾದ್ಯವೂ ಒಟ್ಟಿಗೆ ನುಡಿದರೆ ಕೇಳುವವರ ಹಲ್ಲು ಚಳುಕುತ್ತದೆ. ಹಳೆಯದನ್ನು ಹೊಸದಕ್ಕೆ ಹೊಂದಿಸಬೇಕಾದರೆ ಇರುವುದು ಒಂದೇ ದಾರಿ: ಕೊಳವೆಯನ್ನು ಉದ್ದ ಮಾಡುವುದು. ಕೊಳವೆ ಉದ್ದವಾದಷ್ಟೂ ಶ್ರುತಿ ಇಳಿಯುತ್ತದೆ.

ಎಷ್ಟು ಉದ್ದ? ಲೆಕ್ಕ ಸುಲಭ. ಯುಫೋನಿಯಮ್ಮಿನ ಮುಖ್ಯ ಕೊಳವೆಯ ಉದ್ದ ಸುಮಾರು ಒಂಬತ್ತು ಅಡಿ, ಎಂದರೆ 108 ಅಂಗುಲ. 452.5ನ್ನು 440ಕ್ಕೆ ಇಳಿಸಲು ಕೊಳವೆ ನೂರಕ್ಕೆ 2.8ರಷ್ಟು ಬೆಳೆಯಬೇಕು. 108 ಅಂಗುಲಕ್ಕೆ ಅದು ಮೂರು ಅಂಗುಲ. ನಾನು ಒಳಗಿನಿಂದ ಅಳತೆಯ ಪಟ್ಟಿ ತಂದೆ. ಬೆಸೆದ ತುಂಡುಗಳು ಎರಡು. ಒಂದೊಂದರ ಉದ್ದ ಒಂದೂವರೆ ಅಂಗುಲ!

ನಾನು ‘ಕಳಪೆ ದುರಸ್ತಿ’ ಎಂದು ಬರೆದದ್ದು ಒಬ್ಬ ವಾದಕನ ಕಿವಿಯ ಲೆಕ್ಕವಾಗಿತ್ತು. ಗ್ರಂಥಸಂಪಾದನೆಯಲ್ಲಿ ನಾವು ಪ್ರಕ್ಷಿಪ್ತವೆಂದು ಕೆಳಕ್ಕೆ ತಳ್ಳುವ ಪದ್ಯಗಳಲ್ಲಿ ಕೆಲವನ್ನು, ಆ ಕಾವ್ಯವನ್ನು ತನ್ನ ಕಾಲಕ್ಕೆ ಬದುಕಿಸಿಕೊಳ್ಳಬೇಕೆಂದು ಹಾತೊರೆದವನೊಬ್ಬ ಸೇರಿಸಿರಬಹುದಲ್ಲವೆ ಎಂದು ಆ ಹೊತ್ತಿನಲ್ಲಿ ಅನ್ನಿಸಿತು.

ಮರುದಿನವೇ ಅಟೆಂಡರ ಮನೆಗೆ ಹೋದೆ. ಅವರ ಸೋದರತ್ತೆಗೆ ತೊಂಬತ್ತು ದಾಟಿದೆ; ಕಣ್ಣು ಮಂಜಾಗಿದ್ದರೂ ಮಾತು ಚುರುಕು. “ಅಜ್ಜಿ, ನಿಮ್ಮ ತಂದೆಯವರ ಬಾಜಾಕ್ಕೆ ಯಾರಾದರೂ ಬೆಸುಗೆ ಹಾಕಿದ್ದು ನೆನಪಿದೆಯೆ?” ಎಂದು ಕೇಳಿದೆ. ಮುದುಕಿ ಬೊಚ್ಚುಬಾಯಿ ತೆರೆದು ನಕ್ಕರು.

“ಬೆಸುಗೆ ಅಲ್ಲಪ್ಪ, ಬಾಲ! ನಮ್ಮಪ್ಪ ಬಾಜಾಕ್ಕೆ ಬಾಲ ಕಟ್ಟಿಸಿಕೊಂಡು ಬಂದ ಅಂತ ನಮ್ಮವ್ವ ಸಾಯೋವರೆಗೂ ನಗಾಡ್ತಿದ್ಲು. ಬ್ಯಾಂಡಿನೋರು ಹೊಸ ಬಾಜಾ ತರಿಸಿದ್ರಂತೆ. ಅವುಗಳ ಜೊತೆ ಇದು ಕೂಡ್ತಿರಲಿಲ್ಲ. ಯಾವುದೋ ಮದುವೇಲಿ ಜನ ನಕ್ಕುಬಿಟ್ರು. ಹೊಸದು ತಗೊಳ್ಳೋಕೆ ದುಡ್ಡೆಲ್ಲಿ? ಕಂಚುಗಾರರ ಅಂಗಡೀಲಿ ಮೂರು ದಿನ ಕೂತಿದ್ದ. ಇಷ್ಟು ಬೆಸೆಯೋದು, ಊದಿ ನೋಡೋದು, ಮತ್ತೆ ಕೀಳೋದು. ನಾನು ಬುತ್ತಿ ತಗೊಂಡು ಹೋಗ್ತಿದ್ದೆ.”

“ಯಾವ ವರ್ಷ ಅಂತ ಜ್ಞಾಪಕ ಉಂಟೆ?”

“ವರ್ಷ ನಂಗೇನು ಗೊತ್ತು? ಮಹಾಸ್ವಾಮಿಗಳು ತೀರಿಕೊಂಡ್ರಲ್ಲ, ಊರೆಲ್ಲ ಒಲೆ ಹಚ್ಚಲಿಲ್ಲ, ಅದೇ ವರ್ಷ. ಅದಾಗಿ ಚಳಿಗಾಲದಲ್ಲಿ.”

ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟ್ 3ರಂದು. ಅರಸನ ಹೆಸರು, ಘಟನೆ, ಋತು: ಇದಕ್ಕಿಂತ ಶುದ್ಧವಾದ ತೇದಿಯನ್ನು ಯಾವ ಶಾಸನ ತಾನೆ ಕೊಟ್ಟೀತು?

ಮಹಾರಾಜರು ಕೊಟ್ಟ ಕಾಣಿಕೆಯ ಕಥೆಯನ್ನೂ ಕೇಳಿದೆ. ಕೃಷ್ಣರಾಜರ ಅರಮನೆಯಲ್ಲಿ ಕರ್ಣಾಟಕ ಸಂಗೀತದ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇದ್ದಿತೆಂಬುದು ಪ್ರಸಿದ್ಧವಾದ ಸಂಗತಿ. ಆದಕಾರಣ ಕಥೆ ಅಸಂಭವವೇನಲ್ಲ. “ಅರಮನೇದೋ, ದಂಡಿನೋರು ಮಾರಿದ್ದೋ, ಅಪ್ಪ ಒಂದು ದಿನವೂ ಹೇಳಲಿಲ್ಲ. ಮಹಾರಾಜರು ಕೊಟ್ಟರು ಅನ್ನೋದು ನಮ್ಮಣ್ಣನ ಮಾತು” ಎಂದು ಅಜ್ಜಿ ಸುಮ್ಮನಾದರು. ಮನೆಯಲ್ಲಿ ಉಳಿದಿದ್ದುದು ಎರಡು ಮಾತು: ಒಂದು ಹೆಮ್ಮೆಯದು, ಒಂದು ನಗೆಯದು. ಹೆಮ್ಮೆಯ ಮಾತನ್ನು ಎಲ್ಲರೂ ಜೋಪಾನ ಮಾಡಿದರು. ನಗೆಯ ಮಾತು ಒಬ್ಬ ಮುದುಕಿಯ ಬಾಯಲ್ಲಿ ಮಾತ್ರ ಉಳಿಯಿತು. ಹಿತ್ತಾಳೆ ಸಾಕ್ಷಿ ನುಡಿದದ್ದು ನಗೆಯ ಮಾತಿಗೆ. ಹಿತ್ತಲ ಗಿಡ ಮದ್ದಲ್ಲವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಆ ರಾತ್ರಿ ಕಾಗದ ಬರೆದೆ. ಇದು ಲಂಡನ್ನಿನ ಬೂಸಿ ಕಂಪನಿಯ ಯುಫೋನಿಯಂ, 1874ಕ್ಕೆ ಹಿಂದಿನದಲ್ಲ, 1930ಕ್ಕೆ ಈಚಿನದಲ್ಲ, ಮೊದಲು ಏರುಶ್ರುತಿಯದು, ಮನೆಯವರ ಹೇಳಿಕೆಯಂತೆ 1940ರ ಚಳಿಗಾಲದಲ್ಲಿ ಮೈಸೂರಿನಲ್ಲಿ ಇದರ ಮುಖ್ಯ ಕೊಳವೆಯನ್ನು ಮೂರು ಅಂಗುಲ ಬೆಳೆಸಿ ಹೊಸ ಶ್ರುತಿಗೆ ಇಳಿಸಲಾಯಿತು, ಅಳತೆ ಆ ಹೇಳಿಕೆಗೆ ಸರಿಹೊಂದುತ್ತದೆ. ಇಷ್ಟು ಬರೆದು ಸಹಿ ಹಾಕಿದೆ. ಟಿಪ್ಪುವಿನ ಹೆಸರನ್ನಾಗಲಿ ಮಹಾರಾಜರ ಹೆಸರನ್ನಾಗಲಿ ಬರೆಯಲಿಲ್ಲ.

ಅಟೆಂಡರು ಕಾಗದವನ್ನು ಎರಡು ಸಲ ಓದಿದರು. “ಹಾಗಾದರೆ ಟಿಪ್ಪೂದು ಅಲ್ಲ” ಎಂದರು. “ಅಲ್ಲ” ಎಂದೆ. ಸ್ವಲ್ಪ ಹೊತ್ತು ನಿಂತು, “ಅವರು ಇದನ್ನು ಒಪ್ಪೋದಿಲ್ಲ ಮೇಷ್ಟ್ರೇ” ಎಂದು ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಒಂದು ಕಟುಮಾತನ್ನೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ವ್ಯಾಪಾರಿ ನಿಜಕ್ಕೂ ಒಪ್ಪಲಿಲ್ಲ. ತೂಕದ ಬೆಲೆಯ ಮಾತಾಡಿ ಹೊರಟುಹೋದ. ಮಗಳ ಫೀಸಿಗೆ ಅಟೆಂಡರು ಸಹಕಾರ ಸಂಘದಲ್ಲಿ ಸಾಲ ಮಾಡಿದರು. ಜಾಮೀನು ಹಾಕಿದವನು ನಾನೇ. ಆದರೆ ಜಾಮೀನು ಹಾಕುವುದು ಸಾಲ ತೀರಿಸಿದಂತೆ ಅಲ್ಲ. ತಿಂಗಳು ತಿಂಗಳಿಗೂ ಅವರ ಸಂಬಳದಲ್ಲಿ ಆ ಕಂತು ಕಡಿತವಾಗುತ್ತದೆ. ಸತ್ಯವನ್ನು ನುಡಿದ ಸಮಾಧಾನ ನನ್ನದು, ಅದರ ಬೆಲೆ ತೆರುತ್ತಿರುವವರು ಅವರು. ಕಾಲನಿರ್ಣಯದ ಪಾಠ ಮಾಡುವಾಗ ಈ ಮಾತನ್ನು ನಾನು ಇದುವರೆಗೆ ವಿದ್ಯಾರ್ಥಿಗಳಿಗೆ ಹೇಳಿರಲಿಲ್ಲ; ಈಗ ಹೇಳುತ್ತೇನೆ.

ಆಯುಧಪೂಜೆಯ ದಿನ ಅಟೆಂಡರು ಮನೆಗೆ ಕರೆದರು. ಹೋದೆ. ಕುಡುಗೋಲು, ಹೊಲಿಗೆಯ ಯಂತ್ರ, ಮಗಳ ಹೊಸ ಪುಸ್ತಕಗಳ ಪಕ್ಕದಲ್ಲಿ ದೊಡ್ಡ ಬಾಜಾ ಇತ್ತು. ಆ ವರ್ಷ ಅದು ಎಂದಿನಂತೆ ಥಳಥಳಿಸುತ್ತಿರಲಿಲ್ಲ. “ಹುಣಸೆಹಣ್ಣು ಹಾಕಲಿಲ್ಲ ಮೇಷ್ಟ್ರೇ. ಒದ್ದೆ ಬಟ್ಟೇಲಿ ಒರೆಸಿದ್ದಷ್ಟೇ. ಉಳಿದಿರೋ ಎರಡು ಅಂಕಿಯಾದರೂ ಇರಲಿ ಅಂತ” ಎಂದರು. ಪ್ರತಿ ವರ್ಷ ಕುಂಕುಮವಿಡುತ್ತಿದ್ದುದು ವಾದ್ಯದ ಬಾಯಿಯ ಮೇಲೆ, ಲಂಡನ್ನಿನ ಹೆಸರಿದ್ದ ಕಡೆ. ಈ ಸಲ ಅಲ್ಲಿ ಏನೂ ಇರಲಿಲ್ಲ. ಮೈಸೂರಿನ ಕಂಚುಗಾರ ಬೆಸೆದ ಕೆಂಪು ಹಿತ್ತಾಳೆಯ ತುಂಡುಗಳೆರಡರ ಮೇಲೂ ಒಂದೊಂದು ಬೊಟ್ಟಿತ್ತು. ಇಟ್ಟವರು ಯಾರೆಂದು ನಾನು ಕೇಳಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಇನ್ನೂ ನಗುತ್ತಿದ್ದರು.